‘ಅನ್‌ಆರ್ಮ್ಡ್’ಗೆ ಕನ್ನಡದಲ್ಲಿ ಏನು ಹಾಕೋದು? ನಿರಾಯುಧ, ನಿಶ್ಶಸ್ತ್ರ, ಬರಿಗೈ, ಇಲ್ಲಾ ಬಿಡಿಸಿ ಹೇಳೋದಾ?

ಅನುವಾದ ಮಾಡೋರು, ಪೇಪರ್ ಡೆಸ್ಕಲ್ಲಿ ಕೂತೋರು, ಸಬ್‌ಟೈಟಲ್ ಬರೆಯೋರು, ಕಾಂಪಿಟೇಟಿವ್ ಎಕ್ಸಾಮ್‌ಗೆ ಓದ್ತಿರೋರು ಎಲ್ಲರೂ ಕೇಳೋ ಪ್ರಶ್ನೆ ಇದು. ಇಂಗ್ಲಿಷಲ್ಲಿ ‘ಅನ್‌ಆರ್ಮ್ಡ್’ ಅಂತ ಒಂದೇ ಪದ ಇರತ್ತೆ, ನಿಘಂಟು ತೆಗೆದ್ರೆ ನಿರಾಯುಧ, ನಿಶ್ಶಸ್ತ್ರ, ಶಸ್ತ್ರರಹಿತ ಅಂತ ಸಾಲಾಗಿ ಕೊಟ್ಟಿರತ್ತೆ, ಆದ್ರೆ ಯಾವುದನ್ನ ಎಲ್ಲಿ ಹಾಕ್ಬೇಕು ಅಂತ ಹೇಳಿರಲ್ಲ, ಹಾಗಾಗಿ ಹೆಚ್ಚಿನವರು ಮೊದಲು ಕಣ್ಣಿಗೆ ಬಿದ್ದಿದ್ದನ್ನ ಹಾಕಿ ಮುಂದೆ ಹೋಗ್ತಾರೆ. ನನಗೆ ಇದು ಸಣ್ಣ ವಿಷಯ ಅನ್ಸಲ್ಲ. ಗೋಲಿಬಾರ್ ಆದಾಗ, ಎನ್‌ಕೌಂಟರ್ ಆದಾಗ, ಗಡಿಯಲ್ಲಿ ಜಗಳ ಆದಾಗ ಸತ್ತವನ ಕೈಯಲ್ಲಿ ಏನಿತ್ತು ಅನ್ನೋದೇ ಇಡೀ ಸುದ್ದಿಯ ಜೀವ, ಅದನ್ನ ಹೇಳೋ ಪದ ಸ್ವಲ್ಪ ಆಚೀಚೆ ಆದ್ರೂ ಓದೋರು ಯಾರನ್ನ ತಪ್ಪಿತಸ್ಥ ಅಂದ್ಕೋತಾರೆ ಅನ್ನೋದು ಬದಲಾಗಿಬಿಡತ್ತೆ.

ಪದ ಆರಿಸೋಕೆ ಮುಂಚೆ ಕೆಲವು ಪ್ರಶ್ನೆ ಕೇಳ್ಕೊಳ್ಳಿ. ಇಲ್ದೇ ಇರೋದು ಏನು: ಯಾವ ಆಯುಧವೂ ಇಲ್ವಾ, ಬರೀ ಬಂದೂಕು ಇಲ್ವಾ, ಇಲ್ಲಾ ಕ್ಷಿಪಣಿ ಥರದ್ದಾದ್ರೆ ಒಳಗಿರೋ ಸ್ಫೋಟಕ ಇಲ್ವಾ? ಮೊದಲಿಂದಾನೂ ಇರ್ಲಿಲ್ವಾ, ಅಥವಾ ಇದ್ದಿದ್ದನ್ನ ಯಾರಾದ್ರೂ ಕಿತ್ಕೊಂಡ್ರಾ, ಅವನೇ ಕೆಳಗಿಟ್ನಾ? ಓದೋರು ಯಾರು, ಕಣ್ಣಲ್ಲಿ ಓದ್ತಾರಾ ಕಿವಿಯಲ್ಲಿ ಕೇಳ್ತಾರಾ, ನಿಮಗೆ ಎಷ್ಟು ಜಾಗ ಇದೆ? ಕೊನೇದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು, ನೀವು ಹಾಕೋ ಪದ ಬರೀ ನಡೆದಿದ್ದನ್ನ ಹೇಳ್ತಿದ್ಯಾ ಅಥವಾ ಜೊತೆಗೆ ನಿಮ್ಮ ಅಭಿಪ್ರಾಯನೂ ಸೇರಿಸ್ತಿದ್ಯಾ?

ಇಂಗ್ಲಿಷ್ ಪದದ ಬಗ್ಗೆ ಒಂದೆರಡು ಮಾತು ಹೇಳಿಬಿಡ್ತೀನಿ. ಇದರಲ್ಲಿರೋ ‘ಆರ್ಮ್’ಗೂ ತೋಳು ಅನ್ನೋ ‘ಆರ್ಮ್’ಗೂ ಇಂಗ್ಲಿಷಿಗೆ ಬಂದ ದಾರಿ ಬೇರೆ ಬೇರೆ, ಇದು ಲ್ಯಾಟಿನ್‌ನ ‘ಆರ್ಮಾ’ದಿಂದ ಬಂದಿದ್ದು, ಅದರ ಅರ್ಥ ಆಯುಧಗಳು, ತೋಳಿಂದು ಹಳೇ ಇಂಗ್ಲಿಷಿನದೇ ಪದ. ತೋಳಿಲ್ಲದವರಿಗೆ ‘ಆರ್ಮ್‌ಲೆಸ್’ ಅಂತಾರೆ. ‘ಡಿಸ್‌ಆರ್ಮ್ಡ್’ ಅಂದ್ರೆ ಇದ್ದ ಆಯುಧ ಕಿತ್ಕೊಂಡಿದ್ದಾರೆ ಅಂತ, ‘ಡಿಫೆನ್ಸ್‌ಲೆಸ್’ ಅಂದ್ರೆ ತನ್ನನ್ನ ಕಾಪಾಡ್ಕೊಳ್ಳೋಕೆ ಯಾವ ದಾರಿನೂ ಇಲ್ದವನು, ‘ಹಾರ್ಮ್‌ಲೆಸ್’ ಅಂದ್ರೆ ಅವನಿಂದ ಅಪಾಯ ಇಲ್ಲ ಅಂತ. ‘ಅನ್‌ಆರ್ಮ್ಡ್’ ಇದ್ಯಾವುದನ್ನೂ ಹೇಳಲ್ಲ, ಆ ಹೊತ್ತಲ್ಲಿ ಆಯುಧ ಇರ್ಲಿಲ್ಲ ಅಂತ ಅಷ್ಟೇ ಹೇಳತ್ತೆ. ಇರ್ಲಿಲ್ಲ ಅಂದ ಮಾತ್ರಕ್ಕೆ ಅವನು ಒಳ್ಳೆಯವನು ಅಂತನೂ ಆಗಲ್ಲ, ದುರ್ಬಲ ಅಂತನೂ ಆಗಲ್ಲ. ಆರಡಿ ಪೈಲ್ವಾನನೂ ಅನ್‌ಆರ್ಮ್ಡ್ ಆಗಿರಬಹುದು.

ನಿರಾಯುಧ

ಗೊತ್ತಾಗ್ತಿಲ್ಲ ಅಂದ್ರೆ ಇದನ್ನ ಹಾಕಿ, ಹತ್ತರಲ್ಲಿ ಆರೇಳು ಕಡೆ ಸರಿಹೋಗತ್ತೆ. ಬಾಯಿಗೆ ಸುಲಭ, ಒತ್ತಕ್ಷರ ಇಲ್ಲ, ನಿರಾಯುಧನಾಗಿದ್ದ, ನಿರಾಯುಧಳಾಗಿದ್ದಳು, ನಿರಾಯುಧರ ಮೇಲೆ ಅಂತ ಹೇಗೆ ಬೇಕೋ ಹಾಗೆ ಬಗ್ಗತ್ತೆ. ಮಹಾಭಾರತದ ಕಥೆ ಕೇಳಿ ಬೆಳೆದ ಊರಲ್ಲಿ ಯಾರಿಗೂ ಅರ್ಥ ಬಿಡಿಸಿ ಹೇಳ್ಬೇಕಿಲ್ಲ, ಯುದ್ಧದಲ್ಲಿ ಆಯುಧ ಹಿಡಿಯಲ್ಲ ಅಂದ ಕೃಷ್ಣನನ್ನ ಅರ್ಜುನ ಆರಿಸ್ಕೊಂಡಿದ್ದು, ಇಡೀ ಸೈನ್ಯ ದುರ್ಯೋಧನನಿಗೆ ಹೋಗಿದ್ದು ಯಕ್ಷಗಾನ ನೋಡೋರಿಗೂ ಗೊತ್ತು, ಹರಿಕಥೆ ಕೇಳೋರಿಗೂ ಗೊತ್ತು. ಜಲಿಯನ್‌ವಾಲಾ ಬಾಗ್ ಬಗ್ಗೆ ಬರೀತಿದ್ರೆ, 1919ರ ಏಪ್ರಿಲ್ 13ರಂದು ಅಲ್ಲಿ ಸೇರಿದ್ದ ಜನರ ಬಗ್ಗೆ, ‘ನಿರಾಯುಧ ಜನ’ ಅಂತ ಕಣ್ಮುಚ್ಕೊಂಡು ಬರೀಬಹುದು. 1938ರ ಏಪ್ರಿಲ್ 25ರಂದು ಗೌರಿಬಿದನೂರು ಹತ್ರದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದವರ ಮೇಲೆ ಗುಂಡು ಹಾರಿಸಿದ್ದಕ್ಕೂ ಇದೇ ಪದ ಸಾಕು.

ತೊಂದರೆ ಬರೋದು ಆಯುಧ ಅನ್ನೋ ಪದ ನಮ್ಮಲ್ಲಿ ತುಂಬಾ ಅಗಲ ಇರೋದ್ರಿಂದ. ಆಯುಧಪೂಜೆ ದಿನ ಕುಡುಗೋಲು, ನೇಗಿಲು, ಲೇತ್ ಮಷೀನು, ಆಟೋ, ಕಂಪ್ಯೂಟರ್ ಎಲ್ಲಕ್ಕೂ ಕುಂಕುಮ ಹಚ್ತೀವಿ. ಅಷ್ಟು ಅಗಲದ ಪದಕ್ಕೆ ‘ನಿರ್’ ಸೇರಿಸಿದ್ರೆ ಓದೋರಿಗೆ ಕೈಯಲ್ಲಿ ಕಡ್ಡಿ ಕೂಡ ಇರ್ಲಿಲ್ಲ ಅನ್ಸತ್ತೆ. ನಿಜವಾಗ್ಲೂ ಏನೂ ಇಲ್ದಿದ್ದಾಗ ಅದು ಸರಿ. ಆದ್ರೆ ಬ್ರಿಟನ್ ಪೊಲೀಸರ ಬಗ್ಗೆ ಬರೋ ಸುದ್ದಿ ತಗೊಳ್ಳಿ, ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಲ್ಲಿ ಹೆಚ್ಚಿನ ಪೊಲೀಸರು ದಿನನಿತ್ಯದ ಡ್ಯೂಟಿಗೆ ಗನ್ ತಗೊಂಡು ಹೋಗಲ್ಲ, ಇಂಗ್ಲಿಷ್ ಪೇಪರ್ ಅವರನ್ನ ‘ಅನ್‌ಆರ್ಮ್ಡ್’ ಅನ್ನತ್ತೆ, ಅವರ ಸೊಂಟದಲ್ಲಿ ಲಾಠಿ ಇರತ್ತೆ, ಕಣ್ಣಿಗೆ ಹೊಡೆಯೋ ಸ್ಪ್ರೇ ಇರತ್ತೆ, ಕೆಲವರ ಹತ್ರ ಕರೆಂಟ್ ಹೊಡೆಸೋ ಟೇಸರ್ ಕೂಡ ಇರತ್ತೆ. ಇವರನ್ನ ನಿರಾಯುಧ ಪೊಲೀಸರು ಅಂತ ಬರೆದ್ರೆ ಸುಳ್ಳೇ ಆಗತ್ತೆ. ‘ಬಂದೂಕಿಲ್ಲದ ಪೊಲೀಸರು’ ಅಂದ್ರೆ ಮುಗೀತು. ಅದೇ ದೇಶದ ಉತ್ತರ ಐರ್ಲೆಂಡಲ್ಲಿ ಪೊಲೀಸರು ಬಂದೂಕು ಇಟ್ಕೊಂಡೇ ಓಡಾಡ್ತಾರೆ, ಹಾಗಾಗಿ ‘ಬ್ರಿಟನ್ ಪೊಲೀಸರೆಲ್ಲ’ ಅಂತನೂ ಬರೀಬೇಡಿ.

ನಮ್ಮ ಇಲಾಖೆ ವಿಷಯ ಇನ್ನೂ ಬೇರೆ. ಗುಜರಾತಲ್ಲಿ ಪೊಲೀಸ್ ಭರ್ತಿ ನೋಟಿಫಿಕೇಶನ್ನಲ್ಲೇ ‘ಅನ್‌ಆರ್ಮ್ಡ್’ ಅನ್ನೋದು ಒಂದು ಹುದ್ದೆಯ ಹೆಸರು. ಕರ್ನಾಟಕದಲ್ಲಿ ಆ ಜಾಗದಲ್ಲಿ ‘ಸಿವಿಲ್ ಪೊಲೀಸ್’ ಅಂತಾರೆ, ಇನ್ನೊಂದು ಕಡೆಯವರು ನಗರ ಸಶಸ್ತ್ರ ಮೀಸಲು ಪಡೆ, ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಜನ ಹೇಳೋದು ಸಿಎಆರ್, ಡಿಎಆರ್ ಅಂತ. ಸಿವಿಲ್‌ನವರು ಅಂದ ಮಾತ್ರಕ್ಕೆ ಪಿಸ್ತೂಲ್ ಹಿಡಿಯೋದೇ ಇಲ್ಲ ಅಂತಲ್ಲ, ಕೆಲಸದ ವಿಭಾಗ ಅದು. ಹಾಗಾಗಿ ಗುಜರಾತಿನ ಸುದ್ದಿ ಕನ್ನಡಕ್ಕೆ ತರೋವಾಗ ‘ನಿರಾಯುಧ ಪಿಎಸ್‌ಐ’ ಅಂತ ಬರೆದ್ರೆ ಪಾಪ ಆ ಪಿಎಸ್‌ಐ ಏನೂ ಇಲ್ದೆ ಕಳ್ಳರ ಹಿಂದೆ ಓಡಿದ ಅನ್ನೋ ಹಾಗಾಗತ್ತೆ, ‘ಸಿವಿಲ್ ಪಿಎಸ್‌ಐ’ ಅಂದ್ರೆ ಇಲ್ಲಿಯವರಿಗೆ ತಕ್ಷಣ ತಿಳಿಯತ್ತೆ.

ನಿಶ್ಶಸ್ತ್ರ

ಇದು ಪಠ್ಯಪುಸ್ತಕದ, ರಾಜತಾಂತ್ರಿಕರ, ಸಂಪಾದಕೀಯದ ಪದ. ಹತ್ತನೇ ಕ್ಲಾಸ್ ಸಮಾಜ ವಿಜ್ಞಾನ ಓದಿರೋ ಎಲ್ಲರಿಗೂ ‘ನಿಶ್ಶಸ್ತ್ರೀಕರಣ’ ಗೊತ್ತು, ಅದರಿಂದಾಗಿನೇ ‘ನಿಶ್ಶಸ್ತ್ರ’ ಅಂದ ತಕ್ಷಣ ದೇಶ, ಸೇನೆ, ಒಪ್ಪಂದ ಇವೇ ನೆನಪಾಗೋದು. ಅಂಥ ಕಡೆ ಇದಕ್ಕಿಂತ ಒಳ್ಳೇ ಪದ ಇಲ್ಲ. ವಿಶ್ವಸಂಸ್ಥೆಯ ಸೇನಾ ವೀಕ್ಷಕರು 1949ರಿಂದ ಕಾಶ್ಮೀರದಲ್ಲಿದ್ದಾರೆ, ಯೂನಿಫಾರ್ಮ್ ಹಾಕಿರೋ ಮಿಲಿಟರಿಯವರೇ ಆದ್ರೂ ಬಂದೂಕು ಇಟ್ಕೊಳ್ಳಲ್ಲ, ಅದು ಅವರ ನಿಯಮ. ‘ನಿಶ್ಶಸ್ತ್ರ ಸೇನಾ ವೀಕ್ಷಕರು’ ಅಂದ್ರೆ ಆ ನಿಯಮದ ಗಾಂಭೀರ್ಯನೂ ಬರತ್ತೆ.

ಬೀದೀಲಿ ನಡೆದ ಘಟನೆಗೆ ಇದು ಹೊಂದಲ್ಲ. ‘ನಿಶ್ಶಸ್ತ್ರ ಯುವಕನ ಮೇಲೆ ಹಲ್ಲೆ’ ಅಂತ ಓದಿದ್ರೆ ಆ ಯುವಕ ಯಾವುದೋ ಪಡೆಗೆ ಸೇರಿದವನೇನೋ ಅನ್ಸತ್ತೆ. ಇನ್ನೊಂದು ತೊಡಕು ಅಂದ್ರೆ ‘ನಿಶ್ಶಸ್ತ್ರಗೊಳಿಸು’ ಅನ್ನೋ ಬಳಕೆ ಗಟ್ಟಿಯಾಗಿ ಕೂತಿರೋದ್ರಿಂದ ಆಯುಧ ಕಿತ್ಕೊಂಡ್ರು ಅನ್ನೋ ನೆರಳು ಇದರ ಮೇಲೆ ಇದ್ದೇ ಇರತ್ತೆ. ಕಾಗುಣಿತದ ಕಾಟ ಬೇರೆ, ನಿಶ್ಶಸ್ತ್ರ ಅಂತನೂ ಬರೀತಾರೆ, ನಿಃಶಸ್ತ್ರ ಅಂತನೂ ಬರೀತಾರೆ, ಎರಡೂ ಸರಿ, ಒಂದು ಲೇಖನದಲ್ಲಿ ಒಂದನ್ನೇ ಹಿಡ್ಕೊಳ್ಳಿ. ‘ನಿಶಸ್ತ್ರ’ ಮಾತ್ರ ತಪ್ಪು, ಅದು ಆನ್‌ಲೈನ್‌ನಲ್ಲಿ ಎಲ್ಲಾ ಕಡೆ ಕಾಣತ್ತೆ. ನಿಶ್ಶಸ್ತ್ರ ಎಣಿಸಿದ್ರೆ ಮೂರೇ ಅಕ್ಷರ, ಜಾಗ ಉಳಿಯತ್ತೆ ಅನ್ಸಬಹುದು, ಆದ್ರೆ ಒತ್ತಿನ ಕೆಳಗೆ ಒತ್ತು ಬಂದು ಸಣ್ಣ ಫೋನ್ ಸ್ಕ್ರೀನಲ್ಲಿ ಕಣ್ಣು ತಡವರಿಸತ್ತೆ, ರೇಡಿಯೋದಲ್ಲಿ ಓದೋರಿಗೂ ನಾಲಿಗೆ ತೊಡರತ್ತೆ.

ಸಂಪ್ರದಾಯದಲ್ಲಿ ಕೈಯಲ್ಲಿ ಹಿಡಿದು ಹೊಡೆಯೋದು ಶಸ್ತ್ರ, ಎಸೆಯೋದು, ಬಿಡೋದು ಅಸ್ತ್ರ. ಈಗ ಮಚ್ಚು ಲಾಂಗನ್ನೂ ‘ಮಾರಕಾಸ್ತ್ರ’ ಅಂತ ಬರೀತಾರೆ, ಆ ಭೇದ ಹೋಗಿದೆ, ಅದನ್ನ ಈಗ ವಾಪಸ್ ತರೋಕೆ ಹೋಗೋದ್ರಲ್ಲಿ ಅರ್ಥ ಇಲ್ಲ.

‘ಶಸ್ತ್ರರಹಿತ’, ‘ಆಯುಧರಹಿತ’ ಇವುಗಳ ಬಗ್ಗೆ ಹೆಚ್ಚು ಹೇಳೋಕಿಲ್ಲ. ಕಾನೂನು, ಸುತ್ತೋಲೆ, ಟೆಂಡರ್ ಇಂಥ ಕಡೆ ನಡೆಯತ್ತೆ, ಬೇರೆ ಕಡೆ ಒಣಗಿದ ಹಾಗೆ ಕೇಳತ್ತೆ.

ಬರಿಗೈ

ಇದು ನಮ್ಮದೇ ಪದ, ಬಿಸಿಯಾಗಿದೆ, ಕಣ್ಣಿಗೆ ಕಟ್ಟತ್ತೆ, ಅದಕ್ಕೇ ಎಲ್ಲರಿಗೂ ಇಷ್ಟ. ‘ಚಿರತೆ ಜೊತೆ ಬರಿಗೈಲಿ ಸೆಣಸಿದ ರೈತ’ ಅಂತ ಬಂದ್ರೆ ಅದಕ್ಕೆ ಸಾಟಿ ಇಲ್ಲ, ಅಲ್ಲಿ ನಿರಾಯುಧ ಅಂತ ಹಾಕಿದ್ರೆ ಸುದ್ದಿಯ ಪ್ರಾಣನೇ ಹೋಗತ್ತೆ. ಆಯುಧ ಇಲ್ದೆ ಹೊಡೆದಾಡೋ ವಿದ್ಯೆಗೆ ‘ಬರಿಗೈ ಕಾಳಗ’ ಅನ್ನೋದೇ ಸರಿ. ಕರಾಟೆ ಅನ್ನೋ ಜಪಾನಿ ಹೆಸರಿನ ಈಗಿನ ಅರ್ಥ ಕೂಡ ಖಾಲಿ ಕೈ ಅಂತಲೇ, ಕಳರಿಪಯಟ್ಟಿನಲ್ಲಿ ಕೋಲು, ಕತ್ತಿ ಎಲ್ಲಾ ಕಲಿತ ಮೇಲೆ ಬರೋ ಹಂತದ ಹೆಸರು ‘ವೆರುಂಕೈ’, ಅದೂ ಬರಿಗೈನೇ. ಆದ್ರೆ ಮೈಸೂರು ದಸರಾದ ವಜ್ರಮುಷ್ಟಿ ಕಾಳಗನ ಇದಕ್ಕೆ ಸೇರಿಸ್ಬೇಡಿ, ಜಟ್ಟಿಗಳ ಮುಷ್ಟಿಯಲ್ಲಿ ಮೊನೆ ಇರೋ ಸಾಧನ ಇರತ್ತೆ, ತಲೆಗೆ ತಾಗಿ ರಕ್ತ ಬಂದ ಕೂಡ್ಲೇ ಕಾಳಗ ನಿಲ್ಲತ್ತೆ.

ಇನ್ನು ಬರಿಗೈ ಎಲ್ಲಿ ಮೋಸ ಮಾಡತ್ತೆ ಅಂದ್ರೆ, ನಮ್ಮ ಮಾತಲ್ಲಿ ಅದಕ್ಕೆ ಇನ್ನೂ ಎರಡು ಅರ್ಥ ಇದೆ. ನೆಂಟರ ಮನೆಗೆ ಬರಿಗೈಲಿ ಹೋಗ್ಬಾರ್ದು ಅಂದ್ರೆ ಹಣ್ಣೋ ಹೂವೋ ತಗೊಂಡು ಹೋಗು ಅಂತ. ಹೋದ ಕೆಲಸ ಆಗ್ಲಿಲ್ಲ ಅಂದ್ರೂ ಬರಿಗೈಲಿ ವಾಪಸ್ ಬಂದ ಅಂತೀವಿ. ಈಗ ‘ದರೋಡೆಕೋರರ ಅಡ್ಡೆಗೆ ಬರಿಗೈಲಿ ಹೋದ ಪೊಲೀಸರು’ ಅಂದ್ರೆ ಸರಿ, ಅಪಾಯ ಕಾಣತ್ತೆ. ‘ಬರಿಗೈಲಿ ಬಂದ ಪೊಲೀಸರು’ ಅಂದ್ರೆ ಯಾರನ್ನೂ ಹಿಡಿಯದೆ ಬಂದ್ರು ಅಂತಲೇ ನೂರಕ್ಕೆ ನೂರು ಜನ ಓದ್ಕೊಳ್ಳೋದು. ಬಾ, ಮರಳು ಇಂಥ ಕ್ರಿಯಾಪದ ಪಕ್ಕದಲ್ಲಿದ್ರೆ ಬರಿಗೈ ಬಿಟ್ಟುಬಿಡಿ. ಎದುರಿಸು, ಸೆಣಸು, ಹಿಡಿ, ಹೊಡೆ ಇದ್ರೆ ಧೈರ್ಯವಾಗಿ ಹಾಕಿ. ಅನುವಾದದಲ್ಲಿ ಇದಕ್ಕಿಂತ ಕೆಲಸಕ್ಕೆ ಬರೋ ಸೂತ್ರ ನನಗೆ ಗೊತ್ತಿಲ್ಲ. ‘ಖಾಲಿ ಕೈ’ ಅಂತೂ ಬೇಡವೇ ಬೇಡ, ಅದು ಜೇಬಲ್ಲಿ ದುಡ್ಡಿಲ್ಲ ಅನ್ನೋ ಕಡೆಗೆ ಹೋಗಿಬಿಡತ್ತೆ.

ಬಿಡಿಸಿ ಹೇಳೋದು

ಜಾಗ ಇದ್ದಾಗೆಲ್ಲ ನಾನು ಹೇಳೋದು ಇದನ್ನೇ. ‘ಅವನ ಹತ್ರ ಯಾವ ಆಯುಧನೂ ಇರ್ಲಿಲ್ಲ’, ‘ಕೈಯಲ್ಲಿ ಮೊಬೈಲ್ ಬಿಟ್ರೆ ಏನೂ ಇರ್ಲಿಲ್ಲ’, ‘ಬಂದೂಕು ಕಾರಲ್ಲೇ ಇತ್ತು’. ವಿಶೇಷಣದಲ್ಲಿ ಅಡಗಿಹೋಗೋ ವಿವರ ಎಲ್ಲಾ ಹೀಗೆ ಬರೆದಾಗ ಹೊರಗೆ ಬರತ್ತೆ, ಬರೆಯೋರಿಗೂ ತಮಗೆ ಏನು ಗೊತ್ತು ಏನು ಗೊತ್ತಿಲ್ಲ ಅಂತ ಅಲ್ಲೇ ತಿಳಿಯತ್ತೆ.

ಲಡಾಖ್ ಗಡಿಯ ಗಲ್ವಾನಲ್ಲಿ ಚೀನಾ ಸೈನಿಕರ ಜೊತೆ ಆದ ಘರ್ಷಣೆ ನೆನಪು ಮಾಡ್ಕೊಳ್ಳಿ. 2020ರ ಜೂನ್ 15ರ ರಾತ್ರಿ ನಮ್ಮ 20 ಯೋಧರು ಹುತಾತ್ಮರಾದ್ರು. ಸೈನಿಕರನ್ನ ‘ಅನ್‌ಆರ್ಮ್ಡ್’ ಆಗಿ ಯಾಕೆ ಕಳಿಸಿದ್ರಿ ಅಂತ ರಾಹುಲ್ ಗಾಂಧಿ ಕೇಳಿದ್ರು. ಗಡಿ ಡ್ಯೂಟಿಯಲ್ಲಿರೋ ಎಲ್ಲರ ಹತ್ರ ಯಾವಾಗಲೂ ಆಯುಧ ಇರತ್ತೆ, ಗಲ್ವಾನಲ್ಲೂ ಇತ್ತು, 1996 ಮತ್ತು 2005ರ ಒಪ್ಪಂದದ ಪ್ರಕಾರ ಮುಖಾಮುಖಿ ಆದಾಗ ಬಂದೂಕು ಬಳಸದೇ ಇರೋದು ಹಳೇ ಪದ್ಧತಿ ಅಂತ ವಿದೇಶಾಂಗ ಸಚಿವ ಜೈಶಂಕರ್ ಉತ್ತರ ಕೊಟ್ರು. ಅಂದ್ರೆ ಚರ್ಚೆ ಇದ್ದಿದ್ದೇ ಆಯುಧ ಇರ್ಲಿಲ್ವಾ ಅಥವಾ ಇದ್ರೂ ಬಳಸ್ಲಿಲ್ವಾ ಅನ್ನೋದ್ರ ಮೇಲೆ. ಇಂಥ ಸುದ್ದಿಯಲ್ಲಿ ವರದಿಗಾರ ತನ್ನ ಮಾತಾಗಿ ‘ನಿರಾಯುಧ ಯೋಧರು’ ಅಂತ ಬರೆದ್ರೆ ಒಂದು ಕಡೆಯವರ ವಾದನ ಸತ್ಯ ಅಂತ ಒಪ್ಪಿಕೊಂಡ ಹಾಗಾಯ್ತು. ಯಾರು ಏನಂದ್ರು ಅಂತ ಅವರವರ ಬಾಯಲ್ಲೇ ಹೇಳಿಸಿ.

ನಮ್ಮ ಮಲೆನಾಡಿನದೇ ಇನ್ನೊಂದು. 2025ರ ಜನವರಿ 8ಕ್ಕೆ ಆರು ಜನ ನಕ್ಸಲರು ಬೆಂಗಳೂರಲ್ಲಿ ಮುಖ್ಯಮಂತ್ರಿ ಮುಂದೆ ಶರಣಾದಾಗ ಬಂದೂಕು ಒಪ್ಪಿಸಿರ್ಲಿಲ್ಲ, ಹಾಗಾದ್ರೆ ಬಂದೂಕು ಎಲ್ಲಿ ಅನ್ನೋ ಪ್ರಶ್ನೆ ಎದ್ದಿತ್ತು, ಆಮೇಲೆ ಕೊಪ್ಪ ಕಡೆ ಕಾಡಲ್ಲಿ ಸಿಕ್ಕಿದವು. ಅವತ್ತು ಅವರು ನಿರಾಯುಧರು ಅಂದ್ರೂ ತಪ್ಪಲ್ಲ, ಆದ್ರೆ ಅಷ್ಟೇ ಹೇಳಿ ನಿಲ್ಲಿಸಿದ್ರೆ ಅರ್ಧ ಸುದ್ದಿ. ‘ಶಸ್ತ್ರತ್ಯಾಗ ಮಾಡಿದ್ರು’ ಅನ್ನೋದು ಇನ್ನೂ ದೂರ, ದ್ರೋಣ ಅಶ್ವತ್ಥಾಮ ಸತ್ತ ಅಂತ ಕೇಳಿ ಬಿಲ್ಲು ಕೆಳಗಿಟ್ಟ ಹಾಗೆ ಎದುರಿಗೇ ಇಟ್ರೇ ಆ ಪದ ಹೊಂದೋದು.

ಹೀಗೆ ಬಿಡಿಸಿ ಹೇಳೋದಕ್ಕೆ ಕೊಡೋ ಬೆಲೆ ಅಂದ್ರೆ ಉದ್ದ. ತಲೆಬರಹಕ್ಕೆ ಆಗಲ್ಲ, ಸಬ್‌ಟೈಟಲ್‌ಗೆ ಕಷ್ಟ.

ಅಮಾಯಕ, ಅಸಹಾಯಕ: ಇವು ಆಯ್ಕೆನೇ ಅಲ್ಲ

ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಇಂಗ್ಲಿಷಲ್ಲಿ ‘ಅನ್‌ಆರ್ಮ್ಡ್ ಸಿವಿಲಿಯನ್ಸ್’ ಅಂತ ಇದ್ರೆ ಕನ್ನಡದಲ್ಲಿ ‘ಅಮಾಯಕ ನಾಗರಿಕರು’ ಅಂತ ಬರೆಯೋ ಅಭ್ಯಾಸ ಕೈಗೆ ಅಂಟಿಕೊಂಡಿದೆ. ಅಮಾಯಕ, ಅಸಹಾಯಕ ಅನ್ನೋದು ತೀರ್ಪು. ಅವನ ಮನಸ್ಸಲ್ಲಿ ಏನಿತ್ತು ಅಂತ ನಮಗೆ ಗೊತ್ತಿರಲ್ಲ, ಕೈಯಲ್ಲಿ ಏನಿರ್ಲಿಲ್ಲ ಅಂತ ಗೊತ್ತಿರತ್ತೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಫರ್ಗ್ಯುಸನ್‌ನಲ್ಲಿ ಮೈಕಲ್ ಬ್ರೌನ್ ಅನ್ನೋ ಹದಿನೆಂಟು ವರ್ಷದ ಹುಡುಗನಿಗೆ ಪೊಲೀಸ್ ಗುಂಡು ಹೊಡೆದಾಗ ಅಲ್ಲಿಯ ಪತ್ರಿಕೆಗಳು ‘ಅನ್‌ಆರ್ಮ್ಡ್’ ಅಂತ ಬರೆದವು, ಆ ಒಂದು ಮಾತಿನ ಮೇಲೆನೇ ಇಡೀ ದೇಶದ ವಾದ ನಿಂತಿತ್ತು. ಅಮಾಯಕ ಅಂತ ಬದಲಾಯಿಸಿದ ಕೂಡ್ಲೇ ವಾದ ಅವನ ಸ್ವಭಾವದ ಕಡೆ ಜಾರತ್ತೆ, ಅವನು ಅಂಥವನು ಇಂಥವನು ಅಂತ ಶುರುವಾಗತ್ತೆ, ಆಯುಧ ಇಲ್ಲದವನ ಮೇಲೆ ಗುಂಡು ಹಾರಿಸಬಹುದಾ ಅನ್ನೋ ಮೂಲ ಪ್ರಶ್ನೆ ಕಳೆದುಹೋಗತ್ತೆ. ಸತ್ತವನ ಪರ ನಿಲ್ಲಬೇಕು ಅನ್ನೋರೇ ಈ ಪದ ಹಾಕೋದು, ಅದರಿಂದ ಅವನಿಗೇ ನಷ್ಟ.

ಕಾನೂನಿನ ಕೆಲಸ ಇದ್ರೆ

ಇಲ್ಲಿ ನಿಘಂಟಿಗಿಂತ ಕಾಯ್ದೆ ದೊಡ್ಡದು. ಸಂವಿಧಾನದ 19(1)(ಬಿ) ವಿಧಿ ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರೋ ಹಕ್ಕು ಕೊಡತ್ತೆ. 1959ರ ಆಯುಧ ಕಾಯ್ದೆಯಲ್ಲಿ ‘ಆರ್ಮ್ಸ್’ ಅಂದ್ರೆ ಏನು ಅಂತ ಹೇಳೋವಾಗ ಮನೆ ಬಳಕೆಗೆ, ಬೇಸಾಯಕ್ಕೆ ಅಂತಲೇ ಇರೋ ವಸ್ತುಗಳನ್ನ ಬಿಟ್ಟಿದ್ದಾರೆ, ಅದರಲ್ಲಿ ಲಾಠಿ, ಸಾಮಾನ್ಯ ಊರುಗೋಲು ಅಂತ ಉದಾಹರಣೆನೂ ಇದೆ. ಹಾಗಂತ ದೊಣ್ಣೆ ಹಿಡಿದು ಗಲಾಟೆಗೆ ಹೋದವನು ಬಚಾವ್ ಅಂತ ಅಂದ್ಕೋಬೇಡಿ. ಭಾರತೀಯ ನ್ಯಾಯ ಸಂಹಿತೆಯ 189ನೇ ಸೆಕ್ಷನ್ನಲ್ಲಿ, ಅಂದ್ರೆ ಹಳೇ ಐಪಿಸಿ 144ರ ವಿಷಯದಲ್ಲಿ, ಅಕ್ರಮ ಕೂಟದಲ್ಲಿ ಮಾರಕ ಆಯುಧ ಮಾತ್ರ ಅಲ್ಲ, ಆಯುಧದ ಥರ ಬಳಸಿದ್ರೆ ಸಾವು ತರಬಹುದಾದ ಯಾವ ವಸ್ತು ಹಿಡಿದಿದ್ರೂ ಶಿಕ್ಷೆ ಹೆಚ್ಚಾಗತ್ತೆ. ಒಂದೇ ಬಡಿಗೆ ಒಂದು ಕಾಯ್ದೆಯಲ್ಲಿ ‘ಆರ್ಮ್ಸ್’ ಅಲ್ಲ, ಇನ್ನೊಂದರಲ್ಲಿ ಅದನ್ನ ಹಿಡಿದವನು ಆಯುಧಧಾರಿ ಆಗಬಹುದು. ಅದಕ್ಕೇ ದೂರು, ಹೇಳಿಕೆ, ವರದಿ ಇಂಥದ್ದು ಬರೆಯೋವಾಗ ‘ನಿರಾಯುಧ’ ಅಂತ ಷರಾ ಬರೆಯೋ ಬದಲು ಕೈಯಲ್ಲಿ ಇದ್ದಿದ್ದು ಇಲ್ದಿದ್ದು ಎರಡನ್ನೂ ಹೆಸರು ಹಿಡಿದು ಬರೀರಿ. ಠಾಣೆಯ ಬರಹಗಾರರು ‘ಕೈಗಳಿಂದ ಹೊಡೆದು, ಕಾಲಿನಿಂದ ಒದ್ದು’ ಅಂತ ಬರೆಯೋದು ಇದೇ ಕಾರಣಕ್ಕೆ, ಹಳೇ ಶೈಲಿ ಅನ್ಸಿದ್ರೂ ಅದು ನಿಖರ.

ವಸ್ತು, ಗಿಡ, ಹುಳು

ಮನುಷ್ಯರ ಬಗ್ಗೆ ಅಲ್ದೆ ಇದ್ರೆ ಮೇಲಿನ ಯಾವ ಪದನೂ ಕೆಲಸಕ್ಕೆ ಬರಲ್ಲ. ಅಮೆರಿಕದ ವಾಯುಪಡೆ ಕ್ಯಾಲಿಫೋರ್ನಿಯಾದಿಂದ ‘ಅನ್‌ಆರ್ಮ್ಡ್’ ಮಿನಿಟ್‌ಮನ್ ಕ್ಷಿಪಣಿ ಆಗಾಗ ಪರೀಕ್ಷೆ ಮಾಡತ್ತೆ, ಕ್ಷಿಪಣಿನೇ ಆಯುಧ ಆಗಿರೋವಾಗ ‘ನಿರಾಯುಧ ಕ್ಷಿಪಣಿ’ ಅಂದ್ರೆ ಏನರ್ಥ? ‘ಸಿಡಿತಲೆ ಇಲ್ಲದ ಕ್ಷಿಪಣಿ’ ಅನ್ನಿ. ಡ್ರೋನ್ ಆದ್ರೆ ‘ಕಣ್ಗಾವಲಿಗೆ ಮಾತ್ರ ಬಳಸೋ ಡ್ರೋನ್’. ಬಾಂಬ್ ಆದ್ರೆ ಸಿಡಿಯೋ ಸ್ಥಿತಿಗೆ ತಂದಿಲ್ಲ ಅಂತ, ಮನೆ ಅಲಾರಂ ಆದ್ರೆ ಆನ್ ಮಾಡಿಲ್ಲ ಅಂತ.

ಸಸ್ಯಶಾಸ್ತ್ರದಲ್ಲಿ ‘ಅನ್‌ಆರ್ಮ್ಡ್’ ಅಂದ್ರೆ ಮುಳ್ಳಿಲ್ಲದ್ದು. ಮದರಂಗಿ ಗಿಡದ ವೈಜ್ಞಾನಿಕ ಹೆಸರು ‘ಲಾಸೋನಿಯಾ ಇನರ್ಮಿಸ್’, ಆ ‘ಇನರ್ಮಿಸ್’ ಲ್ಯಾಟಿನ್‌ನಲ್ಲಿ ಇದೇ ಪದ, ಆದ್ರೂ ಬೇಲಿಗೆ ಹಾಕಿದ ಹಳೇ ಮದರಂಗಿಗೆ ಕೈ ಹಾಕಿ ನೋಡಿ, ಕಡ್ಡಿ ತುದಿ ಮುಳ್ಳಿನ ಹಾಗೇ ಚುಚ್ಚತ್ತೆ. ಲಾಡಿಹುಳುವಿನ ವಿಷಯದಲ್ಲೂ ಹೀಗೇ, ದನದ ಮಾಂಸದಿಂದ ಬರೋ ಜಾತಿಯ ತಲೆಯಲ್ಲಿ ಕೊಕ್ಕೆ ಇರಲ್ಲ, ಅದಕ್ಕೆ ಪುಸ್ತಕದಲ್ಲಿ ‘ಅನ್‌ಆರ್ಮ್ಡ್’ ಅಂತಾರೆ, ಹಂದಿ ಮಾಂಸದ ಜಾತಿಗೆ ಕೊಕ್ಕೆ ಇರತ್ತೆ. ‘ಕೊಕ್ಕೆ ಇಲ್ಲದ ಲಾಡಿಹುಳು’ ಅಂತ ಬರೆದ್ರೆ ನರ್ಸಿಂಗ್ ಓದೋ ಮಕ್ಕಳಿಗೆ ಒಂದೇ ಸಲಕ್ಕೆ ತಲೆಗೆ ಹೋಗತ್ತೆ.

ನಿಮ್ಮ ಕೆಲಸಕ್ಕೆ ಯಾವುದು

ತಲೆಬರಹ ಬರೆಯೋರು ನಿರಾಯುಧ ಹಾಕಿ, ಒಳಗೆ ಮೊದಲ ಪ್ಯಾರಾದಲ್ಲೇ ಬಿಡಿಸಿ ಹೇಳಿ, ಕೈಯಲ್ಲಿ ಏನಿತ್ತು ಅಂತ ಇನ್ನೂ ಖಚಿತ ಆಗಿಲ್ಲ ಅಂದ್ರೆ ತಲೆಬರಹದಲ್ಲಿ ಆ ಪದನೇ ಬೇಡ. ಸಬ್‌ಟೈಟಲ್, ಡಬ್ಬಿಂಗ್ ಮಾಡೋರಿಗೆ ನನ್ನ ಸಲಹೆ ಪಾತ್ರದ ಬಾಯಿ ನೋಡಿ ಅಂತ: ಪೊಲೀಸ್ ವಾಕಿಟಾಕಿಯಲ್ಲಿ ‘ಅವನ ಹತ್ರ ಏನೂ ಇಲ್ಲ, ಗುಂಡು ಹಾರಿಸ್ಬೇಡಿ’ ಅಂತಾನೆ ಹೊರತು ‘ವ್ಯಕ್ತಿ ನಿರಾಯುಧನಾಗಿದ್ದಾನೆ’ ಅನ್ನಲ್ಲ, ಅದೇ ರಾಜರ ಕಾಲದ ಸೀರಿಯಲ್ ಆದ್ರೆ ‘ನಿರಾಯುಧನ ಮೇಲೆ ಕೈ ಮಾಡಲಾರೆ’ ಅನ್ನೋದೇ ಚಂದ. ಅಪಾರ್ಟ್‌ಮೆಂಟಿಗೆ ಸೆಕ್ಯೂರಿಟಿ ಬೇಕು ಅಂತ ಕನ್ನಡದಲ್ಲಿ ಕೊಟೇಶನ್ ಕರೆಯೋರು ‘ಗನ್ ಇಲ್ಲದ ಸೆಕ್ಯೂರಿಟಿ ಗಾರ್ಡ್’, ‘ಗನ್‌ಮ್ಯಾನ್’ ಅಂತ ಬರೆದ್ರೆ ಏಜೆನ್ಸಿಯವರಿಗೆ ಗೊಂದಲ ಇರಲ್ಲ, ಇಬ್ಬರ ರೇಟೂ ಬೇರೆ, ಆಮೇಲೆ ಜಗಳ ಬೇಡ. ಮಕ್ಕಳ ಕಥೆಗೆ ‘ಕೈಯಲ್ಲಿ ಕತ್ತಿ ಇರಲಿಲ್ಲ’ ಸಾಕು.

ಪರೀಕ್ಷೆ ಬರೆಯೋರಿಗೆ ಬೇರೆ ಲೆಕ್ಕ. ಒಂದು ಪದದ ಉತ್ತರ ಕೇಳಿದ್ರೆ ನಿರಾಯುಧ ಅಂತ ಬರೀರಿ, ವಿರುದ್ಧ ಪದ ಕೇಳಿದ್ರೆ ಸಶಸ್ತ್ರ, ಅಂತರರಾಷ್ಟ್ರೀಯ ಸಂಬಂಧದ ಪ್ಯಾರಾ ಅನುವಾದಕ್ಕೆ ಬಂದ್ರೆ ನಿಶ್ಶಸ್ತ್ರ, ಆ ಎರಡನೇ ಅಕ್ಷರದ ಒತ್ತು ಬರೆದಿದ್ದೀರಾ ಅಂತ ಪೇಪರ್ ಕೊಡೋಕೆ ಮುಂಚೆ ಒಂದ್ಸಲ ನೋಡ್ಕೊಳ್ಳಿ.